ಹೊಟ್ಟೆಗೆ ಬಂದ ಬೀಗರು

ಹುಲಿಗೆ ಹೆದರುವವರನ್ನು ಕಂಡಿದ್ದೇವೆ, ಹಾವಿಗೆ ಹೆದರುವವರನ್ನು ಕಂಡಿದ್ದೇವೆ, ಹೆಂಡತಿಗೆ ಹೆದರುವವರಂತೂ ಬೀದಿಗೆ ಹತ್ತು ಜನ ಸಿಗುತ್ತಾರೆ. ನಮ್ಮ ಬೀದಿಯ ಕಾಂಪೌಂಡರ್ ಹೆದರಿದ್ದು ಮಾತ್ರ ತನ್ನ ಹೊಟ್ಟೆಯೊಳಗಿನ ಗಾಳಿಗೆ. ಅದರ ಮೇಲೆ ಮೂವತ್ತೊಂದು ವರ್ಷ ಯುದ್ಧ ಹೂಡಿದ. ಯುದ್ಧದಲ್ಲಿ ಗೆದ್ದ ಕೂಡ. ಗೆದ್ದ ಮೇಲೆ ಸಾಯಲು ಬಿದ್ದ.

ಮೂಲೆಯ ಡಾಕ್ಟರ ಶಾಪಿನಲ್ಲಿ, ಗಾಜಿನ ಕಿಂಡಿಯ ಹಿಂದೆ ನಿಂತು, ಚೀಟಿ ನೋಡಿ ಔಷಧಿ ಕೊಡುವುದು ಅವನ ಕೆಲಸ. ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಸದಾ ಸ್ಪಿರಿಟ್ಟಿನ ವಾಸನೆ. ಮಾತ್ರೆಗಳನ್ನು ಬಿಳಿ ಕಾಗದದಲ್ಲಿ ಪೊಟ್ಟಣ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಂಚಿಗೆ ಅಂಚು ಸೇರಿಸಿ ಮೂರು ಮಡಿಕೆ ಹಾಕಿ, ಉಳಿದ ಕಿವಿಯನ್ನು ಒಳಗೆ ತೂರಿಸಿದನೆಂದರೆ ಗೋಡೆಗೆ ಎಸೆದರೂ ಪೊಟ್ಟಣ ಬಿಚ್ಚುತ್ತಿರಲಿಲ್ಲ. ಮೇಲೆ ಯಾರಿಗೆ, ಯಾವಾಗ, ಯಾತಕ್ಕೆ ಎಂದು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆಯುತ್ತಿದ್ದ. ಅವನಿಗಿದ್ದ ವಿದ್ಯೆ ಅಷ್ಟು. ಆದರೆ ಡಾಕ್ಟರ ಬೆನ್ನ ಹಿಂದೆ ನಿಂತೂ ನಿಂತೂ ತಾನು ಮುಕ್ಕಾಲು ಡಾಕ್ಟರಾದೆ ಅಂದುಕೊಂಡ. ಗಾಣ ಸುತ್ತಿದ ಎತ್ತು ತನ್ನನ್ನು ಎಣ್ಣೆ ವ್ಯಾಪಾರಿ ಅಂದುಕೊಂಡ ಹಾಗೆ.

ಅವನ ವೈದ್ಯಶಾಸ್ತ್ರ ಒಂದು ಬೆರಳಿನ ಮೇಲೆ ನಿಲ್ಲುವಷ್ಟಿತ್ತು. ಹೊಟ್ಟೆಯಲ್ಲಿ ಗಾಳಿ ಎದ್ದರೆ ಅಲ್ಲಿ ಕ್ರಿಮಿ ಇದೆ. ಕ್ರಿಮಿ ಇದ್ದರೆ ಕೊಳಕಿದೆ. ಕೊಳಕಿದ್ದರೆ ಗುಡಿಸಬೇಕು. ಗುಡಿಸಲು ಕ್ರಿಮಿ ಕೊಲ್ಲುವ ಆಂಟಿಬಯಾಟಿಕ್ ಮಾತ್ರೆಗಳು ಶಾಪಿನ ದೊಡ್ಡ ಭರಣಿಯಲ್ಲಿ ಇದ್ದೇ ಇದ್ದವು. ಅದಕ್ಕೆ ಅವನಿಟ್ಟ ಹೆಸರು ಪೊರಕೆ ಮಾತ್ರೆ. ತನಗೆ ವಾರಕ್ಕೊಂದು, ಮನೆಯವರಿಗೆ ತಿಂಗಳ ಮೊದಲ ಭಾನುವಾರ ತಲೆಗೊಂದು. ಹೊಟ್ಟೆ ಗುಡುಗುಡು ಅಂದರೆ ಮೇಲೊಂದು. ನೆಗಡಿಗೂ ಅದೇ, ಕಾಲು ಉಳುಕಿದರೂ ಅದೇ. ಮಗಳು ಪರೀಕ್ಷೆಯಲ್ಲಿ ನಪಾಸಾದ ವರ್ಷ ಎರಡು ಕೊಟ್ಟಿದ್ದ.

ಇಂಥವನಿಗೆ ಸಿಕ್ಕ ಹೆಂಡತಿ ಹಿಟ್ಟಿನ ಗಿರಣಿಯವರ ಮಗಳು. ಕಲ್ಲಿನ ಸದ್ದಿನಲ್ಲೇ ಹುಟ್ಟಿ, ಹುಬ್ಬಿನ ಮೇಲೆ ಹಿಟ್ಟು ಕೂರಿಸಿಕೊಂಡೇ ಬೆಳೆದವಳು. ಆ ಮನೆಯಲ್ಲಿ ಕಾಳಿನ ಒಂದು ಚೂರನ್ನೂ ಹೊರಗೆ ಎಸೆದವರಿಲ್ಲ. ಹಿಟ್ಟು ಗಿರಾಕಿಗೆ, ಹೊಟ್ಟು ಮನೆಗೆ. ಹೊಟ್ಟಿನ ಗಂಜಿ, ಹೊಟ್ಟಿನ ಬ್ರೆಡ್ಡು. ಅದನ್ನೇ ತಿಂದು ಆಕೆಯ ತಂದೆ ಎಂಬತ್ತೆರಡರ ವಯಸ್ಸಿನಲ್ಲೂ ಮೂಟೆ ಹೊತ್ತಿದ್ದರು.

ಕಾಂಪೌಂಡರನಿಗೆ ಇದು ನಗೆಪಾಟಲು. ಮದುವೆಯಾದ ಮೊದಲ ವಾರವೇ ಅಡುಗೆಮನೆಗೆ ಎರಡು ಜರಡಿ ತಂದಿಟ್ಟ. ಹಿಟ್ಟನ್ನು ಒಮ್ಮೆ ಒಂದರಲ್ಲಿ, ಮತ್ತೊಮ್ಮೆ ಇನ್ನೊಂದರಲ್ಲಿ ಸಾಣಿಸಬೇಕು. ಪೌಡರಿನ ಹಾಗೆ ನುಣ್ಣಗಾದದ್ದು ಅವನಿಗೆ. ಸೇಬಿನ ಸಿಪ್ಪೆ ತೆಗೆಯಬೇಕು, ಆಲೂಗಡ್ಡೆಯ ಸಿಪ್ಪೆ ತೆಗೆಯಬೇಕು, ಹುರುಳಿಕಾಯಿಯ ನಾರನ್ನಷ್ಟೇ ಅಲ್ಲ, ಹುರುಳಿಕಾಯಿಯನ್ನೇ ತೆಗೆಯಬೇಕು. ಕಾಳುಬೇಳೆ ಮನೆಯೊಳಗೆ ಬರಕೂಡದು. ಗಾಳಿಯ ಬೀಜ ಅವು.

ಹೀಗೆ ಅವನ ತಟ್ಟೆಯಿಂದ ಗಡಿಪಾರಾದದ್ದೆಲ್ಲ ಆಕೆಯ ತಟ್ಟೆಗೆ ಬಂತು. ಎಸೆಯಲು ಆಕೆಗೆ ಕೈ ಬರುತ್ತಿರಲಿಲ್ಲ. ಜರಡಿಯಲ್ಲಿ ಉಳಿದ ಹೊಟ್ಟನ್ನು ಗಂಜಿ ಕಾಯಿಸುತ್ತಿದ್ದಳು, ಸಿಪ್ಪೆಗಳನ್ನು ಹುರಿಯುತ್ತಿದ್ದಳು, ಕೋಸಿನ ದಂಟನ್ನು ಕರುಮುರು ಅಗಿಯುತ್ತಿದ್ದಳು. ಅವನು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಕೇಳುತ್ತಿದ್ದ:

"ಮೇಯೋದು ಮುಗೀತಾ?"

"ಇನ್ನೂ ಮೆಲುಕು ಹಾಕೋದಿದೆ," ಅನ್ನುತ್ತಿದ್ದಳು.

"ಹೊಟ್ಟು ತಿನ್ನೋ ಮನೆಯಿಂದ ತಂದರೆ ಇನ್ನೇನಾಗುತ್ತೆ. ದನಕ್ಕೆ ನಾಲ್ಕು ಹೊಟ್ಟೆ ಇರುತ್ತೆ. ನಿಮ್ಮ ಮನೆಯವರಿಗೆಷ್ಟು?"

ಬೀಗರ ಮನೆಗೆ ಹೋದರೆ ನೀರೂ ಕುಡಿಯದೆ ಬರುತ್ತಿದ್ದ. ಅವರು ಬಂದರೆ ಕುರ್ಚಿಗೆ ಸ್ಪಿರಿಟ್ ಒರೆಸುತ್ತಿದ್ದ, ಅದೂ ಅವರು ಎದ್ದು ಹೋಗುವ ಮುಂಚೆ. 'ಹೊಟ್ಟೆ', 'ಹೊಟ್ಟು' ಎಂದು ಬರೆಯುವಾಗ ಇರುವ ವ್ಯತ್ಯಾಸ ಒಂದು ಕೊಂಬು. ಆ ಕೊಂಬು ಹೊಟ್ಟಿಗಿದೆ. ಇವನೋ ತನಗೇ ಎರಡಿವೆ ಎಂದು ನಂಬಿ ತಲೆ ಎತ್ತಿ ನಡೆದ.

ಮಗಳು ಅಪ್ಪನ ಮಾತ್ರೆ ನುಂಗಿ, ಅಪ್ಪನ ಬಿಳಿ ಬ್ರೆಡ್ಡು ತಿಂದು, ತಿಂಗಳಿಗೊಮ್ಮೆ ಹೊಟ್ಟೆ ಹಿಡಿದುಕೊಂಡು ಬೆಳೆದಳು. ಹೆಂಡತಿಗೆ ಮೂವತ್ತೊಂದು ವರ್ಷದಲ್ಲಿ ಹೊಟ್ಟೆನೋವೆಂಬುದು ಬಂದದ್ದು ಒಂದೇ ಸಲ. ಇದನ್ನು ನೋಡಿಯೂ ಅವನಿಗೆ ಏನೂ ಹೊಳೆಯಲಿಲ್ಲ. "ನೋಡು, ಪೊರಕೆ ಮಾತ್ರೆ ನಿಮ್ಮಮ್ಮನಿಗೆ ಎಷ್ಟು ಚೆನ್ನಾಗಿ ಹಿಡಿದಿದೆ," ಎಂದ.

ಅರವತ್ತೆರಡನೆಯ ವಯಸ್ಸಿನಲ್ಲಿ ಅವನಿಗೆ ಹಲ್ಲಿನಲ್ಲಿ ಕೀವಾಯಿತು. ಹಲ್ಲಿನ ಡಾಕ್ಟರು ಐದು ದಿನಕ್ಕೆ ಮಾತ್ರೆ ಬರೆದರೆ ಇವನು ಹತ್ತು ದಿನ ನುಂಗಿದ, ಜೊತೆಗೆ ತನ್ನ ಪೊರಕೆಯನ್ನೂ ಸೇರಿಸಿದ. ಹಲ್ಲು ವಾಸಿಯಾಯಿತು. ಹೊಟ್ಟೆ ಕಿತ್ತುಕೊಂಡಿತು. ದಿನಕ್ಕೆ ಹದಿನೈದು ಸಲ, ಬರೀ ನೀರು. ಅದಕ್ಕೂ ಪೊರಕೆ ಹಾಕಿದ, ಇಪ್ಪತ್ತಾಯಿತು. ಎರಡು ತಿಂಗಳಲ್ಲಿ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ನಲವತ್ತೊಂದು ಕಿಲೋಗೆ ಇಳಿದಾಗ ಮಗಳು ಅವನ ಮಾತು ಕೇಳುವುದನ್ನು ಬಿಟ್ಟು ದೊಡ್ಡ ಆಸ್ಪತ್ರೆಗೆ ಸೇರಿಸಿದಳು.

ಅಲ್ಲಿದ್ದ ಡಾಕ್ಟರಮ್ಮ ಮಗಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬಹುದು. ಅವಳನ್ನು ಕಂಡೊಡನೆ ಕಾಂಪೌಂಡರ್ ದಿಂಬಿಗೆ ಒರಗಿ ಎದ್ದು ಕೂತ.

"ನೋಡಿ ಮೇಡಂ, ನನಗೆ ಎಲ್ಲಾ ಬಿಡಿಸಿ ಹೇಳೋದೇನೂ ಬೇಡ. ನಾನೂ ಇದೇ ಲೈನಲ್ಲಿ ಇದ್ದವನು."

"ಒಳ್ಳೇದಾಯ್ತು. ಹಾಗಾದ್ರೆ ಏನೇನು ನುಂಗಿದೀರಿ ಅಂತ ನೀವೇ ಹೇಳಿ."

ಅವನು ಹೇಳಿದ. ಹೆಮ್ಮೆಯಿಂದಲೇ ಹೇಳಿದ. ಡಾಕ್ಟರಮ್ಮ ಬರೆದುಕೊಳ್ಳುತ್ತಿದ್ದವಳು ನಡುವೆ ಪೆನ್ನು ನಿಲ್ಲಿಸಿದಳು.

ಪರೀಕ್ಷೆಯಲ್ಲಿ ರೋಗ ತಿಳಿಯಿತು. ಕರುಳಿನಲ್ಲಿ ಇರಬೇಕಾದ ಒಳ್ಳೆಯ ಜೀವಾಣುಗಳೆಲ್ಲ ಸತ್ತು, ಮಾಮೂಲಿ ಮಾತ್ರೆಗೆ ಜಗ್ಗದ ಒಂದು ಕೆಟ್ಟ ಜಾತಿ ಖಾಲಿ ಮನೆಗೆ ನುಗ್ಗಿ ಬೀಡುಬಿಟ್ಟಿತ್ತು. ಅದಕ್ಕೆಂದೇ ಇರುವ ಔಷಧಿ ಕೊಟ್ಟರು. ನಿಂತಿತು. ಔಷಧಿ ನಿಲ್ಲಿಸಿದ ಎರಡು ವಾರಕ್ಕೆ ಭೇದಿ ಮತ್ತೆ ಬಂತು. ಹೀಗೆ ಮೂರು ಸಲ. ಮೂರನೆಯ ಸಲ ಡಾಕ್ಟರಮ್ಮ ತಾಯಿ ಮಗಳಿಬ್ಬರನ್ನೂ ಹಾಸಿಗೆಯ ಪಕ್ಕ ಕೂರಿಸಿಕೊಂಡಳು.

"ಇನ್ನೊಂದು ಸಲ ಹೀಗಾದ್ರೆ ತಡ್ಕೊಳೋ ಶಕ್ತಿ ಇವರಿಗಿಲ್ಲ. ಖಾಲಿ ಮನೆಗೆ ಮತ್ತೆ ಒಳ್ಳೆ ಸಂಸಾರಸ್ಥರನ್ನ ತಂದು ಕೂರಿಸಬೇಕು. ಅದೊಂದೇ ದಾರಿ."

"ಯಾವ ಸಂಸಾರಸ್ಥರಮ್ಮಾ?" ಎಂದು ಹೆಂಡತಿ ಕೇಳಿದಳು.

"ನಾವು ತಿನ್ನೋ ಬ್ರೆಡ್ಡು, ಸಕ್ಕರೆ ಇದನ್ನೆಲ್ಲ ಒಡೆಯೋದು ನಮ್ಮ ಹೊಟ್ಟೆಗೇ ಗೊತ್ತು. ಸಿಪ್ಪೆ, ನಾರು, ಹೊಟ್ಟು ಇದೆ ನೋಡಿ, ಅದೂ ಸಕ್ಕರೆನೇ. ಸಕ್ಕರೆಯ ಉದ್ದುದ್ದ ಸರಪಳಿ, ಆದ್ರೆ ಬೀಗ ಹಾಕಿದ್ದು. ಅದರ ಬೀಗದ ಕೈ ನಮ್ಮ ಹತ್ರ ಇಲ್ಲ. ದೊಡ್ಡ ಕರುಳಲ್ಲಿರೋ ಜೀವಾಣುಗಳ ಹತ್ರ ಇದೆ. ಒಂದೊಂದು ಜಾತಿ ಹತ್ರ ಒಂದೊಂದು. ಸೇಬಿನ ಸಿಪ್ಪೆಗೆ ಒಂದು ಕೈ, ಗೋಧಿ ಹೊಟ್ಟಿಗೆ ಇನ್ನೊಂದು. ಒಬ್ಬ ಸರಪಳಿ ತುಂಡು ಮಾಡ್ತಾನೆ, ಪಕ್ಕದೋನು ಬಿದ್ದ ತುಂಡು ಹೆಕ್ಕಿ ತಿಂತಾನೆ, ಅವನು ಬಿಟ್ಟಿದ್ದನ್ನ ಮತ್ತೊಬ್ಬ. ಕೊನೆಗೆ ಉಳಿಯೋ ಒಂಥರಾ ಹುಳಿ ರಸ ಇದೆಯಲ್ಲ, ಕರುಳಿನ ಗೋಡೆಗೆ ಅದೇ ಊಟ."

ಹೆಂಡತಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಅಂದ್ರೆ ಒಳಗೊಂದು ಗಿರಣಿ ಇದೆ ಅನ್ನಿ."

"ಇದೆ. ಆಳುಗಳು ನಮ್ಮೋರಲ್ಲ, ಹಿಟ್ಟು ಮಾತ್ರ ನಮಗೆ."

"ಮತ್ತೆ ಗಾಳಿ?"

"ಗಿರಣಿ ಓಡಿದ್ರೆ ಸದ್ದು ಬರಲ್ವೇನಮ್ಮಾ?"

ಹೆಂಡತಿ ಗಂಡನ ಕಡೆ ತಿರುಗಿದಳು. ಮೂವತ್ತೊಂದು ವರ್ಷ ಈ ಮಹಾನುಭಾವ ಒಳಗಿನ ಗಿರಣಿಯ ಆಳುಗಳನ್ನು ವಾರ ವಾರವೂ ಕೊಂದು, ಸದ್ದು ನಿಂತಿತೆಂದು ಸಂಭ್ರಮಪಟ್ಟಿದ್ದ. ಅವನು ಆಗ ಚಾವಣಿಯ ಫ್ಯಾನನ್ನು ನೋಡುತ್ತಿದ್ದ.

"ಆ ಸಂಸಾರಸ್ಥರನ್ನ ಎಲ್ಲಿಂದ ತರೋದು ಮೇಡಂ?" ಎಂದು ಮಗಳು ಕೇಳಿದಳು.

ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು. ಆರೋಗ್ಯವಂತರೊಬ್ಬರ ಮಲದಿಂದ. ಅದನ್ನು ತೆಗೆದು, ಪರೀಕ್ಷೆ ಮಾಡಿ, ಸೋಸಿ, ನಳಿಗೆಯಲ್ಲಿ ಇವರ ಕರುಳಿಗೆ ಬಿಡುವುದು. ಈ ಆಸ್ಪತ್ರೆಯಲ್ಲಿ ಶೇಖರಿಸಿಟ್ಟದ್ದು ಇಲ್ಲ, ಮನೆಯವರೇ ಯಾರಾದರೂ ಆಗಬೇಕು.

ಕಾಂಪೌಂಡರ್ ಫ್ಯಾನನ್ನು ಬಿಟ್ಟು ಇತ್ತ ತಿರುಗಿದ. ಅವನ ಮುಖ ನೋಡಬೇಕಿತ್ತು. ಬೀಗರು ಕೂತ ಕುರ್ಚಿಗೆ ಸ್ಪಿರಿಟ್ ಒರೆಸಿದ ಮುಖ ಅದು.

ಮಗಳದ್ದು ಆಗಲಿಲ್ಲ, ಅಪ್ಪನೇ ನಾಲ್ಕು ತಿಂಗಳ ಹಿಂದೆ ನೆಗಡಿಗೆ ಪೊರಕೆ ನುಂಗಿಸಿದ್ದ. ಆರು ತಿಂಗಳಿಂದ ಅಂಥ ಮಾತ್ರೆ ತಿನ್ನದವರೇ ಬೇಕು. ಉಳಿದವಳು ಹೆಂಡತಿ. ಆಕೆಯ ರಕ್ತ, ಮಲ ಎರಡೂ ಪರೀಕ್ಷೆಗೆ ಹೋಗಿ ಚೊಕ್ಕಟವಾಗಿ ಬಂದವು. ಇನ್ನು ದಾನಿಯ ಅರ್ಜಿ ತುಂಬುವುದೊಂದು ಬಾಕಿ. ನರ್ಸು ಬರೆಯಲು ಕೂತರೆ ಇವನು ಕಿತ್ತುಕೊಂಡ. "ಆ ಕಾಗೆ ಕಾಲಿನ ಅಕ್ಷರದಲ್ಲಿ ನನ್ನ ಕಾಗದ ಬರೀಬೇಡಿ. ಕೊಡಿ ಇಲ್ಲಿ." ಮಲಗಿದ್ದಲ್ಲೇ ಮುತ್ತು ಪೋಣಿಸಿದ.

ಮರುದಿನ ಡಾಕ್ಟರಮ್ಮ ಅರ್ಜಿ ಹಿಡಿದುಕೊಂಡು ಬಂದಳು. ಆರು ತಿಂಗಳಲ್ಲಿ ಆಂಟಿಬಯಾಟಿಕ್ ಮಾತ್ರೆ ತೆಗೆದುಕೊಂಡಿದ್ದಾರೆಯೇ ಎಂಬ ಪ್ರಶ್ನೆಯ ಮುಂದೆ ಹೀಗಿತ್ತು: 'ಹೌದು. ಪ್ರತಿ ತಿಂಗಳ ಮೊದಲ ಭಾನುವಾರ, ಒಂದೂ ತಪ್ಪದೆ. ಕೊಟ್ಟವನು ನಾನು.'

"ಹೀಗಿದ್ರೆ ಇವರದ್ದೂ ಆಗಲ್ಲ," ಎಂದಳು ಡಾಕ್ಟರಮ್ಮ. ಮಗಳು ಹಾಸಿಗೆಯ ಕಂಬಿ ಹಿಡಿದುಕೊಂಡಳು.

"ಆಗುತ್ತೆ," ಎಂದಳು ಹೆಂಡತಿ. "ನಾನು ನುಂಗಿಲ್ಲ."

"ಯಾವುದನ್ನ?"

"ಒಂದನ್ನೂ. ಮದುವೆಯಾದ ಹೊಸತರಲ್ಲಿ ಮೊದಲನೇದು ನುಂಗಿದ್ದೆ. ಮೂರು ದಿನ ಹೊಟ್ಟೆ ಹಿಂಡ್ತು. ಅಲ್ಲಿಗೆ ಸಾಕು ಅಂದ್ಕೊಂಡೆ."

ಕಾಂಪೌಂಡರ್ ನಕ್ಕ. ಮೂಳೆಗಳು ನಕ್ಕ ಹಾಗಿತ್ತು. "ಸುಳ್ಳು ಹೇಳ್ತಿದ್ದಾಳೆ ಮೇಡಂ. ಪ್ರತಿ ಸಲ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿದೀನಿ. ಒಂದು ದಿನಾನೂ ಮಾತ್ರೆ ಸಿಕ್ಕಿಲ್ಲ."

"ಬಾಯಿಗೆ ಹಾಕ್ಕೊಂಡಿದ್ರೆ ತಾನೇ ಬಾಯಲ್ಲಿ ಸಿಗೋದು?" ಎಂದಳು ಆಕೆ. "ನೀವು ನಾಲಿಗೆ ಕೆಳಗೆ ಹುಡುಕುವಾಗ ಅದು ನನ್ನ ಮುಷ್ಟೀಲಿತ್ತು."

"ನೋಡಿದ್ರಾ? ನನ್ನನ್ನ ಉಳಿಸ್ಕೊಳ್ಳೋಕೆ ಕಥೆ ಕಟ್ತಿದ್ದಾಳೆ. ಪಾಪ, ಗಿರಣಿ ಬುದ್ಧಿ. ಬರೆದದ್ದು ಬರೆದದ್ದು. ನನ್ನ ಕೈಯಿಂದ ಕೊಟ್ಟ ಔಷಧಿ ಒಳಗೆ ಹೋಗಿಲ್ಲ ಅನ್ನೋ ಮಾತೇ ಇಲ್ಲ."

ಡಾಕ್ಟರಮ್ಮ ಅರ್ಜಿಯನ್ನು ಹಾಸಿಗೆಯ ಮೇಲಿಟ್ಟಳು. "ಬರೆದೋರು ನೀವು, ಚಿಕಿತ್ಸೆಗೆ ಒಪ್ಪಬೇಕಾದೋರೂ ನೀವು. ಈ ಸಾಲು ಇರೋ ತನಕ ನಾನು ಮುಂದೆ ಹೋಗೋ ಹಾಗಿಲ್ಲ."

ಲೋಕದಲ್ಲಿ ಪ್ರಾಣಕ್ಕಾಗಿ ಸುಳ್ಳು ಹೇಳಿದವರಿದ್ದಾರೆ. ಸುಳ್ಳನ್ನು ನಿಜವೆಂದು ಹಟ ಹಿಡಿದು ಪ್ರಾಣ ಬಿಡಲು ಹೊರಟವನು ಇವನೊಬ್ಬ. ಹೆಂಡತಿ ನುಂಗಿಲ್ಲವೆಂದರೆ ಅವನು ಬದುಕಿದ. ನುಂಗಿದ್ದಾಳೆಂದರೆ ಅವನ ಮಾತು ಬದುಕಿತು. ಅವನು ಮಾತಿನ ಕಡೆ ನಿಂತ.

ಹೆಂಡತಿ ಮಗಳ ಕಿವಿಯಲ್ಲಿ ಏನೋ ಹೇಳಿದಳು. ಮಗಳು ಮನೆಗೆ ಹೋಗಿ, ಹೊಲಿಗೆ ಯಂತ್ರದ ಕೆಳಗಿದ್ದ ದೊಡ್ಡ ಬಿಸ್ಕತ್ತಿನ ಡಬ್ಬಿಯನ್ನು ತಂದಳು. ಮೇಲೆ ನೂಲಿನ ಉಂಡೆ, ಗುಂಡಿಗಳು, ಒಂದು ತುಕ್ಕು ಹಿಡಿದ ಕತ್ತರಿ. ಅದನ್ನೆಲ್ಲ ಎತ್ತಿಟ್ಟು ಆಕೆ ಡಬ್ಬಿಯನ್ನು ಗಂಡನ ಕಾಲ ಬಳಿ ಹೊದಿಕೆಯ ಮೇಲೆ ಬೋರಲು ಹಾಕಿದಳು.

ಪೊಟ್ಟಣಗಳು. ಅಂಚಿಗೆ ಅಂಚು, ಮೂರು ಮಡಿಕೆ, ಕಿವಿ ಒಳಗೆ. ಹಳೆಯವು ಹಳದಿಯಾಗಿದ್ದವು, ಹೊಸವು ಇನ್ನೂ ಬೆಳ್ಳಗಿದ್ದವು.

"ಮುನ್ನೂರ ಎಪ್ಪತ್ತೊಂದು ಇರಬೇಕು," ಎಂದಳು. "ಒಂದೊಂದರಲ್ಲೂ ಮಾತ್ರೆ ಇದೆ. ಬಿಚ್ಚಿ ನೋಡಿ."

"ಬಿಸಾಡೋದಲ್ವೇನಮ್ಮಾ," ಎಂದ ಮಗಳ ದನಿಯಲ್ಲಿ ಅರ್ಧ ನಗು ಅರ್ಧ ಅಳು.

"ಮನೆಗೆ ಬಂದ ಪದಾರ್ಥ. ಕೈ ಬರಲಿಲ್ಲ."

ಕಾಂಪೌಂಡರ್ ಒಂದನ್ನು ಎತ್ತಿಕೊಂಡ. ಮೇಲೆ ಅವನದೇ ಅಕ್ಷರ: 'ಹೆಂಡತಿಗೆ. ಗುಡಿಸಲು.' ಕೆಳಗೆ ತಿಂಗಳು, ವರ್ಷ. ಮಗಳು ಹುಟ್ಟಿದ ವರ್ಷ. ಬಿಚ್ಚಿದ. ಮಾತ್ರೆ ಪುಡಿಯಾಗಿತ್ತು. ಇನ್ನೊಂದನ್ನು ಎತ್ತಿಕೊಂಡ. ಮತ್ತೊಂದು. ಬೇರೆ ಯಾರ ಮಾತನ್ನಾದರೂ ಸುಳ್ಳೆನ್ನಬಹುದು, ತನ್ನ ಮಡಿಕೆಯನ್ನು ಹೇಗೆ ಸುಳ್ಳೆನ್ನುವುದು? ಅಂಥ ಕಿವಿ ತೂರಿಸುವವನು ಊರಲ್ಲಿ ಇನ್ನೊಬ್ಬನಿರಲಿಲ್ಲ. ಈ ಹೆಂಗಸು ಅದನ್ನೂ ನೋಡಿ ಕಲಿತು ಮರಳಿ ಕಟ್ಟಿದ್ದಳು.

"ಮೂವತ್ತೊಂದು ವರ್ಷ ಮೋಸ ಮಾಡಿದೀಯ," ಎಂದ. ಬಾಯಿಂದ ಬಂದ ಮೊದಲ ಮಾತು ಅದು. ನೀವು ಬೇರೆ ಏನಾದರೂ ನಿರೀಕ್ಷಿಸಿದ್ದರೆ ತಪ್ಪು ನಿಮ್ಮದು.

"ಹೂಂ. ಮಾಡದೆ ಇದ್ದಿದ್ರೆ ಇವತ್ತು ನಿಮಗೆ ಯಾರು ಗತಿ?"

ಅವನು ಗೋಡೆಯ ಕಡೆ ಹೊರಳಿದ. ಆ ದಿನ ಸಾಲು ಹಾಗೇ ಉಳಿಯಿತು. ಸಂಜೆಯೊಳಗೆ ಒಂಬತ್ತು ಸಲ ಅವನನ್ನು ಎತ್ತಿ ಕೂರಿಸಬೇಕಾಯಿತು. ಎತ್ತಿದವಳು ಆಕೆ, ತೊಳೆದವಳು ಆಕೆ. ಮಾರನೆಯ ಮಧ್ಯಾಹ್ನ, ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಸಲ ಮಲಗಿಸಿದ ಮೇಲೆ, ಅವನು ಕೈ ಚಾಚಿ ಪೆನ್ನು ಕೇಳಿದ.

'ಹೌದು' ಎಂಬುದರ ಮೇಲೆ ಗೀಟು ಎಳೆದ. ಗೀಟು ಮಾತ್ರ ನೆಟ್ಟಗೆ, ಸ್ಕೇಲು ಇಟ್ಟ ಹಾಗೆ. ಪಕ್ಕದಲ್ಲಿ 'ಇಲ್ಲ' ಎಂದು ಬರೆದ. 'ಕೊಟ್ಟವನು ನಾನು' ಎಂಬುದನ್ನು ಹೊಡೆಯಲು ಮನಸ್ಸು ಬರಲಿಲ್ಲವೋ ಏನೋ, ಅದರ ಮುಂದೆ ಸಣ್ಣದಾಗಿ ಸೇರಿಸಿದ: 'ತೆಗೆದುಕೊಂಡವರಿಲ್ಲ.'

ಚಿಕಿತ್ಸೆಯ ದಿನ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದ. ಹೊರಗಿನ ಬೆಂಚಿನ ಮೇಲೆ ತಾಯಿ ಮಗಳು ಕೂತಿದ್ದರು.

"ಅಮ್ಮಾ, ಏನು ಯೋಚನೆ ಮಾಡ್ತಿದೀಯ?"

"ನಮ್ಮ ಅಪ್ಪನ ಮನೇಲಿ ಒಂದು ಲೋಟ ನೀರು ಕುಡಿದವರಲ್ಲ ನಿಮ್ಮಪ್ಪ. ಈಗ ನೋಡು, ಬೀಗರು ಹಿಂಡುಗಟ್ಟಿ ಅವರ ಹೊಟ್ಟೇಲೇ ಇಳ್ಕೊಂಡ್ರು."

ಮೊದಲ ಎರಡು ದಿನ ಏನೂ ತಿಳಿಯಲಿಲ್ಲ. ಮೂರನೆಯ ದಿನ ಹದಿನೈದು ಇದ್ದದ್ದು ನಾಲ್ಕಾಯಿತು. ಐದನೆಯ ದಿನ ಬೆಳಗ್ಗೆ, ಡಾಕ್ಟರಮ್ಮ ಹಾಸಿಗೆಯ ಪಕ್ಕ ನಿಂತು ನಾಡಿ ನೋಡುತ್ತಿರುವಾಗಲೇ, ಹೊದಿಕೆಯ ಕೆಳಗಿಂದ ಉದ್ದವಾದ, ಏರಿಳಿತವಿರುವ ಸದ್ದೊಂದು ಬಂತು. ಪಕ್ಕದ ಹಾಸಿಗೆಯವನು ಪೇಪರು ಇಳಿಸಿ ನೋಡಿದ.

"ಗಾಳಿ ಹೋಯ್ತಾ?" ಎಂದು ನರ್ಸು ಸಂತೋಷದಿಂದ ಕೇಳಿದಳು.

"ಇಲ್ಲ," ಎಂದ ಕಾಂಪೌಂಡರ್.

"ಗಿರಣಿ ಶುರುವಾಯ್ತು," ಎಂದಳು ಹೆಂಡತಿ.

ಮನೆಗೆ ಬಂದ ಕೆಲವು ವಾರಕ್ಕೆ, ಡಾಕ್ಟರಮ್ಮ ಹೇಳಿದ ಹಾಗೆ, ಮೆಲ್ಲಮೆಲ್ಲಗೆ ನಾರಿನ ಊಟ ಶುರುವಾಯಿತು. ಮೊದಲ ದಿನ ಸಿಪ್ಪೆಯ ಸಮೇತ ಬೇಯಿಸಿದ ಆಲೂಗಡ್ಡೆ, ಹೊಟ್ಟು ತೆಗೆಯದ ಹಿಟ್ಟಿನ ಬ್ರೆಡ್ಡು. ಅವನು ತಟ್ಟೆಯನ್ನು ನೋಡಿದ, ಗೋಡೆಯ ಖಾಲಿ ಮೊಳೆಯನ್ನು ನೋಡಿದ.

"ಜರಡಿ ಎಲ್ಲಿ?"

"ಸಸಿ ಮೇಲೆ ಮುಚ್ಚಿದೀನಿ. ಬೆಕ್ಕು ಕೆದಕುತ್ತೆ."

ಅವನು ಉಗುರಿನಿಂದ ಆಲೂಗಡ್ಡೆಯ ಸಿಪ್ಪೆ ಬಿಡಿಸಿ ತಟ್ಟೆಯಂಚಿಗೆ ಸರಿಸತೊಡಗಿದ. ಆಕೆ ಚಮಚದಿಂದ ಅದನ್ನು ಮತ್ತೆ ನಡುವಿಗೆ ತಳ್ಳಿದಳು.

"ಅದು ನಿಮಗಲ್ಲ ರೀ, ಅವರಿಗೆ. ಡಾಕ್ಟರಮ್ಮ ಏನಂದ್ರು, ಮರೆತ್ರಾ? ಉಪವಾಸ ಕೆಡವಿದ್ರೆ ಕರುಳಿನ ಗೋಡೆ ಮೇಲಿನ ಲೋಳೆನೇ ಕೆರೆದು ತಿಂತಾರಂತೆ. ನೀವು ಹೇಗಾದ್ರೂ ಇರಿ. ನಮ್ಮ ತವರಿನವರನ್ನ ಹಸಿವಲ್ಲಿ ಇಡಬೇಡಿ."

ಅವನು ತಿಂದ. ಔಷಧಿ ನುಂಗುವ ಹಾಗೆ ಮುಖ ಕಿವುಚಿ ತಿಂದ. ಆಕೆ ಎದುರಿಗೆ ಕೂತು ನೋಡಿ, ಕೊನೆಗೆ, "ಬಾಯಿ ತೆರೀರಿ. ನಾಲಿಗೆ ಎತ್ತಿ," ಎಂದಳು. ತೆರೆದ. ಎತ್ತಿದ.

ಇಷ್ಟಾದ ಮೇಲೆ ಮನುಷ್ಯನಿಗೆ ಬುದ್ಧಿ ಬಂದಿರಬೇಕು ಅನ್ನುವವರು ಅವನನ್ನು ಕಂಡವರಲ್ಲ. ವರ್ಷದೊಳಗೆ ಹನ್ನೆರಡು ಕಿಲೋ ಮೈ ತುಂಬಿಕೊಂಡಿತು. ತುಂಬಿದ್ದೇ ತಡ, ಸಂಜೆಯಾದರೆ ಬೀದಿಯ ಮೂಲೆಯ ಕಟ್ಟೆಯ ಮೇಲೆ ಕೂತು, ಸಿಕ್ಕಸಿಕ್ಕವರಿಗೆ ಹೊಟ್ಟೆಯ ಪಾಠ.

"ನೀವೆಲ್ಲ ಬರೀ ಬಿಳಿ ಬ್ರೆಡ್ಡು ತಿಂದು ಹಾಳಾಗ್ತಿದೀರಿ. ನನ್ನನ್ನ ನೋಡಿ. ಹೊಟ್ಟು ಕೊಡಿ, ಸಿಪ್ಪೆ ಕೊಡಿ, ಕೋಸಿನ ದಂಟು ಕೊಡಿ, ಅರೆದು ಸಕ್ಕರೆ ಮಾಡ್ತೀನಿ. ಇದು ಅಂತಿಂಥ ಹೊಟ್ಟೆ ಅಲ್ಲ. ಹುಟ್ಟಿನಿಂದ ಬಂದಿರೋದು. ನಮ್ಮ ವಂಶದಲ್ಲೇ..."

ಮನೆಯ ಬಾಗಿಲಿಂದ ಹೆಂಡತಿ ಕೂಗಿದಳು: "ರೀ, ಬೀಗರ ಆಸ್ತಿ ತೋರಿಸಿ ನೀವು ಬೀಗಿದ್ದು ಸಾಕು. ಒಳಗೆ ಬನ್ನಿ, ಅವರಿಗೆ ಹಸಿವಾಗಿದೆ."

ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಂಪೌಂಡರ್ ಎದ್ದು, ಪ್ಯಾಂಟಿನ ಧೂಳು ಕೊಡವಿ, ಘನತೆಯಿಂದ ನಾಲ್ಕು ಹೆಜ್ಜೆ ಇಟ್ಟ. ಐದನೆಯ ಹೆಜ್ಜೆಗೆ, ಅವನು ಅರ್ಧಕ್ಕೆ ಬಿಟ್ಟ ವಂಶದ ಮಾತನ್ನು ಹೊಟ್ಟೆಯೇ ಪೂರ್ತಿ ಮಾಡಿತು.